ಹಾಲು ಬಿಟ್ಟ ಹಂದಿಮರಿಯ ಮೊದಲ ಹತ್ತು ದಿನ

45ನೇ ದಿನ 9 ಕಿಲೋ ತೂಗುತ್ತಿದ್ದ ಮರಿಯನ್ನು ತಾಯಿಯಿಂದ ಬಿಡಿಸಿ, ವಾರ ಕಳೆದ ಮೇಲೆ ಮತ್ತೆ ತಕ್ಕಡಿಗೆ ಏರಿಸಿ ನೋಡಿ. ಎಷ್ಟೋ ಕಡೆ ಅದು ಎಂಟೂವರೆಗೆ ಇಳಿದಿರುತ್ತದೆ. ಬೆನ್ನಮೂಳೆ ಎದ್ದು ಕಾಣುತ್ತದೆ, ಕೂದಲು ನಿಮಿರಿ ನಿಂತಿರುತ್ತದೆ, ಬಾಲದ ಕೆಳಗೆ ಒದ್ದೆ. ಸಾಕಿದವರು ಆಗ ಮೊದಲು ಬೈಯುವುದು ಮೇವಿನ ಅಂಗಡಿಯವನನ್ನು. ಮೇವು ಚೆನ್ನಾಗಿರಲಿಲ್ಲ ಎನ್ನುತ್ತಾರೆ, ಇನ್ನೂ ದುಬಾರಿಯದನ್ನು ತಂದು ಇನ್ನೂ ಜಾಸ್ತಿ ಸುರಿಯುತ್ತಾರೆ. ಮರಿ ಇನ್ನಷ್ಟು ಕೆಡುತ್ತದೆ. ಈ ಹತ್ತು ದಿನಗಳಲ್ಲಿ ಮರಿ ಸಾಯುವುದು ಹಸಿವಿನಿಂದಲ್ಲ, ಹಸಿದ ಹೊಟ್ಟೆಗೆ ಒಮ್ಮೆಲೇ ಬಿದ್ದ ಮೇವಿನಿಂದ.

ವಿಜಯಪುರ ಶಹರದಲ್ಲಿ ಹಂದಿ ಎಂದರೆ ಜನರಿಗೆ ಗೊತ್ತಿರುವುದು ಗಟಾರಿನ ಅಂಚಿನಲ್ಲಿ ಓಡಾಡುವ ಕರಿ ನಾಡಹಂದಿ. ಅದನ್ನು ಯಾರೂ ಹಾಲು ಬಿಡಿಸುವುದಿಲ್ಲ. ತಾಯಿ ತಾನೇ ಒದ್ದು ದೂರ ಮಾಡುವವರೆಗೆ ಮರಿ ಮೊಲೆ ಹಿಡಿದಿರುತ್ತದೆ, ಅಷ್ಟರಲ್ಲಿ ತಿಪ್ಪೆ ಕೆದರಿ ತಿನ್ನುವುದನ್ನೂ ಕಲಿತಿರುತ್ತದೆ. ತಿಕೋಟಾ, ಬಬಲೇಶ್ವರ ಭಾಗದ ತೋಟದ ಮೂಲೆಯಲ್ಲಿ ಪತ್ರಾಸ್ ಶೆಡ್ಡು ಹಾಕಿ ಬಿಳಿ ಯಾರ್ಕ್‌ಶೈರ್ ಹಂದಿ ಸಾಕಲು ಹೊರಟವರ ಕಥೆಯೇ ಬೇರೆ. ಅಲ್ಲಿ ಹೆಣ್ಣುಹಂದಿ ಮತ್ತೆ ಬೆದೆಗೆ ಬರಬೇಕು, ವರ್ಷಕ್ಕೆ ಎರಡು ಸಲ ಈಯಬೇಕು, ಹಾಗಾಗಿ ಮರಿಗಳನ್ನು ನಾವೇ ದಿನ ಗೊತ್ತುಮಾಡಿ ಬಿಡಿಸಬೇಕು. ಈ ಕಡೆಯ ರೈತರಿಗೆ ಎಮ್ಮೆ, ಆಡು, ಕುರಿ ಸಾಕಿದ ಕೈಗುಣ ಬೇಕಾದಷ್ಟಿದೆ. ಆದರೆ ಅದು ಇಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಎಮ್ಮೆ ನಾಲ್ಕು ಕೋಣೆಯ ಹೊಟ್ಟೆಯಲ್ಲಿ ಕಣಿಕೆಯನ್ನೂ ಸರಕಿ ಹಿಂಡಿಯನ್ನೂ ಕೊಳೆಸಿ ಅರಗಿಸುತ್ತದೆ. ಹಂದಿಯದು ನಮ್ಮ ಹಾಗೆ ಒಂದೇ ಕೋಣೆಯ ಹೊಟ್ಟೆ.

ಆ ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದು ಗೊತ್ತಾದರೆ ಉಳಿದ ಕೆಲಸವೆಲ್ಲ ತಾನಾಗಿ ಸಾಲಿಗೆ ಬರುತ್ತದೆ.

ತಾಯಿಹಂದಿ ಹೆಚ್ಚುಕಡಿಮೆ ಗಂಟೆಗೊಮ್ಮೆ ಮರಿಗಳನ್ನು ಕರೆದು ಹಾಲೂಡಿಸುತ್ತದೆ. ದಿನಕ್ಕೆ ಇಪ್ಪತ್ತು ಸಲಕ್ಕೂ ಮೇಲೆ, ಒಂದೊಂದು ಸಲ ಒಂದೆರಡು ಗುಟುಕು. ಒಂದು ಮರಿ ಕುಡಿಯುವಾಗ ಎಲ್ಲವೂ ಕುಡಿಯುತ್ತವೆ, ಒಂದು ಮಲಗಿದಾಗ ಎಲ್ಲವೂ ಮಲಗುತ್ತವೆ. ಹಾಲಿನಲ್ಲಿರುವ ಸಕ್ಕರೆ ಹೊಟ್ಟೆಯಲ್ಲಿ ಹುಳಿಯಾಗಿ ಕೆಟ್ಟ ಸೂಕ್ಷ್ಮಾಣುಗಳನ್ನು ತಡೆದಿಡುತ್ತದೆ. ಹಾಲಿನ ಜೊತೆ ಬರುವ ತಾಯಿಯ ರೋಗನಿರೋಧಕಗಳು ಕರುಳಿನ ಒಳಗೋಡೆಗೆ ಕಾವಲು ನಿಲ್ಲುತ್ತವೆ. ಹಾಲು ನಿಂತ ದಿನ ಈ ಎರಡೂ ಒಟ್ಟಿಗೇ ನಿಲ್ಲುತ್ತವೆ. ಗೋವಿನಜೋಳದ ಹಿಟ್ಟನ್ನೂ ಹಿಂಡಿಯನ್ನೂ ಕರಗಿಸಬೇಕಾದ ಜೀರ್ಣರಸ ಇನ್ನೂ ಸಾಕಷ್ಟು ತಯಾರಾಗಿರುವುದಿಲ್ಲ. ಹೊಟ್ಟೆಯ ಸ್ವಂತ ಆಮ್ಲವೂ ದುರ್ಬಲ.

ಬಿಡಿಸಿದ ಮೊದಲ ದಿನ ಮರಿ ಸಾಮಾನ್ಯವಾಗಿ ತಿನ್ನುವುದೇ ಇಲ್ಲ. ತಾಯಿಯನ್ನು ಕೂಗುತ್ತ ಗೋಡೆ ಸುತ್ತುತ್ತದೆ. ಒಂದು ದಿನ ಕರುಳು ಖಾಲಿ ಬಿದ್ದರೂ ಸಾಕು, ಸಾರ ಹೀರುವ ಬೆರಳಿನಂಥ ಸೂಕ್ಷ್ಮ ಎಳೆಗಳು ಮೊಟಕಾಗತೊಡಗುತ್ತವೆ. ಎರಡನೇ ದಿನ ಹಸಿವು ತಡೆಯಲಾರದೆ ಗಬಗಬ ತಿನ್ನುತ್ತದೆ. ಹೀರಿಕೊಳ್ಳುವ ಶಕ್ತಿ ಕುಗ್ಗಿರುವ ಕರುಳಿಗೆ ಹೊರೆಗಟ್ಟಲೆ ಮೇವು ಬಂದಂತಾಯಿತು. ಅರಗದೆ ಉಳಿದದ್ದನ್ನು ತಿಂದು ಇ-ಕೋಲೈ ಎಂಬ ಬ್ಯಾಕ್ಟೀರಿಯಾ ಒಂದಕ್ಕೆ ಸಾವಿರವಾಗುತ್ತದೆ. ಮೂರರಿಂದ ಹತ್ತನೇ ದಿನದೊಳಗೆ ಕಾಣಿಸುವ ನೀರಿನಂಥ ಭೇದಿಯ ಮೂಲ ಇದು.

ಇದಕ್ಕೆ ಮದ್ದು ಹಾಲು ಬಿಡಿಸುವ ದಿನಕ್ಕಿಂತ ಒಂದು ತಿಂಗಳು ಮುಂಚೆಯೇ ಶುರುವಾಗಬೇಕು. ತಾಯಿಯ ಹಾಲು ಮೂರು-ನಾಲ್ಕನೇ ವಾರಕ್ಕೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಮರಿಯ ಹೊಟ್ಟೆ ಮಾತ್ರ ದಿನದಿನಕ್ಕೆ ದೊಡ್ಡದಾಗುತ್ತದೆ. ಹುಟ್ಟಿದ 12-14ನೇ ದಿನದಿಂದಲೇ ತಾಯಿ ನುಗ್ಗಲಾಗದ, ಮರಿ ಮಾತ್ರ ನುಸುಳುವಷ್ಟು ಸಂದಿಯಿರುವ ಒಂದು ಮೂಲೆ ಮಾಡಿ, ಅಲ್ಲಿ ಅಗಲವಾದ ತಟ್ಟೆಯಲ್ಲಿ ಒಂದು ಮುಷ್ಟಿ ಮರಿಮೇವು ಇಡಬೇಕು. ಮೊದಲ ವಾರ ಅವು ಅದರಲ್ಲಿ ಮೂತಿ ಆಡಿಸಿ ಚೆಲ್ಲುತ್ತವೆ ಅಷ್ಟೇ. ಚೆಲ್ಲಲಿ. ಆ ಚೆಲ್ಲಾಟದಲ್ಲೇ ನಾಲಿಗೆಗೆ ರುಚಿಯೂ ಕರುಳಿಗೆ ಅಭ್ಯಾಸವೂ ಆಗುತ್ತದೆ. ದಿನಕ್ಕೆರಡು ಸಲ ಹಳೆಯದನ್ನು ತೆಗೆದು ಹೊಸದನ್ನು ಇಡುವುದು ಮುಖ್ಯ, ಯಾಕೆಂದರೆ ಉಚ್ಚೆ ಬಿದ್ದ ಮೇವನ್ನು ಅವು ಮೂಸುವುದೂ ಇಲ್ಲ. 40ನೇ ದಿನದ ಹೊತ್ತಿಗೆ ಮರಿಯೊಂದು ದಿನಕ್ಕೆ 250-300 ಗ್ರಾಂ ತಿನ್ನುತ್ತಿದ್ದರೆ ಬಿಡಿಸಲು ಅಡ್ಡಿಯಿಲ್ಲ. ತಿನ್ನದಿದ್ದರೆ ಕ್ಯಾಲೆಂಡರ್ ನೋಡಿ ಬಿಡಿಸಬೇಡಿ, ಇನ್ನೊಂದು ವಾರ ತಾಳಿ.

ದೊಡ್ಡ ಕಂಪನಿ ಫಾರಮ್ಮುಗಳು 28ನೇ ದಿನಕ್ಕೇ ಬಿಡಿಸುತ್ತವೆ. ಅವರ ಬಳಿ ಹಾಲಿನಪುಡಿ ಬೆರೆಸಿದ ಮೇವು, ಬೆಚ್ಚಗಿನ ಕೋಣೆ ಎಲ್ಲ ಇರುತ್ತವೆ. ನಮ್ಮ ಶೆಡ್ಡಿಗೆ 42ರಿಂದ 56 ದಿನವೇ ಸರಿ. ನನ್ನನ್ನು ಕೇಳಿದರೆ 45.

ಬಿಡಿಸುವ ದಿನ ಹೊರಗೆ ಹೋಗಬೇಕಾದ್ದು ತಾಯಿ, ಮರಿಗಳಲ್ಲ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಮರಿಗಳನ್ನು ಹೊಸ ಅಂಕಣಕ್ಕೆ ಎತ್ತಿಹಾಕಿದರೆ ತಾಯಿಯೂ ಇಲ್ಲ, ಗೊತ್ತಿದ್ದ ವಾಸನೆಯೂ ಇಲ್ಲ, ನೀರಿನ ಜಾಗವೂ ಗೊತ್ತಿಲ್ಲ. ತಾಯಿಯನ್ನು ಕೂಗು ಕೇಳದಷ್ಟು ದೂರ ಕಟ್ಟಿ ಮರಿಗಳನ್ನು ಹುಟ್ಟಿದ ಜಾಗದಲ್ಲೇ ಒಂದು ವಾರ ಬಿಡಿ. ತಾಯಿಗೆ ಹಿಂದಿನ ದಿನದಿಂದ ಮೇವು ಕಡಿಮೆ ಮಾಡಿದರೆ ಕೆಚ್ಚಲು ಬಿಗಿಯುವುದಿಲ್ಲ, ನೀರನ್ನು ಮಾತ್ರ ಕಡಿಮೆ ಮಾಡಬಾರದು. ವಾರದೊಳಗೆ ಅದು ಬೆದೆಗೆ ಬರುತ್ತದೆ. ಗಂಡುಮರಿಗಳ ಬೀಜ ತೆಗೆಸುವುದು, ಲಸಿಕೆ, ಜಂತುನಾಶಕ, ಬೇರೆ ಈತದ ಮರಿಗಳ ಜೊತೆ ಬೆರೆಸುವುದು ಇವ್ಯಾವನ್ನೂ ಅದೇ ದಿನ ಮಾಡಬಾರದು. ಬೀಜ ತೆಗೆಸುವುದು ಎರಡು-ಮೂರನೇ ವಾರದಲ್ಲೇ ಮುಗಿದಿರಬೇಕು.

ಇನ್ನು ಮೇವಿನ ಅಳತೆ. ಹತ್ತು ಮರಿಗಳಿದ್ದರೆ ಮೊದಲ ಮೂರು ದಿನ, ದಿನಕ್ಕೆ ಒಟ್ಟು ಎರಡೂವರೆ ಕಿಲೋ ಸಾಕು, ಅದನ್ನೂ ಐದು ಪಾಲು ಮಾಡಿ. ಬೆಳಿಗ್ಗೆ ಆರಕ್ಕೆ ಅರ್ಧ ಕಿಲೋ, ಕೊನೆಯದು ರಾತ್ರಿ ಒಂಬತ್ತಕ್ಕೆ. ಒಂದು ಪಾಲು ಮೇವಿಗೆ ಎರಡು ಪಾಲು ಉಗುರುಬೆಚ್ಚಗಿನ ನೀರು ಹಾಕಿ ಗಂಜಿಯ ಹದಕ್ಕೆ ಕಲಸಿದರೆ ಮೊದಲ ದಿನವೇ ಬಾಯಿ ಹಾಕುತ್ತವೆ. ಎಲ್ಲ ಮರಿಗಳೂ ಒಂದೇ ಸಲ ತಲೆ ಹಾಕುವಷ್ಟು ಉದ್ದದ ತೊಟ್ಟಿ ಬೇಕು, ಮರಿಗೆ ಆರರಿಂದ ಎಂಟು ಇಂಚು ಲೆಕ್ಕ. ಒಟ್ಟಿಗೆ ಮೊಲೆ ಹಿಡಿದು ಬೆಳೆದ ಜೀವಗಳು ಸರದಿಯಲ್ಲಿ ತಿನ್ನಲಾರವು, ಜಾಗ ಸಿಗದ ಮರಿ ಸುಮ್ಮನೆ ಹಿಂದೆ ನಿಲ್ಲುತ್ತದೆ. ಇಪ್ಪತ್ತು ನಿಮಿಷದಲ್ಲಿ ತೊಟ್ಟಿ ಖಾಲಿಯಾಗಬೇಕು. ಉಳಿದರೆ ಗುಡಿಸಿ ತೆಗೆದು ದೊಡ್ಡ ಹಂದಿಗೆ ಹಾಕಿ. ಬೇಸಿಗೆಯಲ್ಲಿ ಕಲಸಿದ ಮೇವು ಎರಡು ತಾಸಿಗೆಲ್ಲ ಹುಳಿಯುತ್ತದೆ.

ಮೂರನೇ ದಿನ ಸಂಜೆ ಯಾವ ಶೆಡ್ಡಿನಲ್ಲಾದರೂ ಈ ಮಾತು ಕೇಳಬಹುದು:

"ಅಣ್ಣಾರ, ಹಾಕಿದ್ದೆಲ್ಲಾ ನೆಕ್ಕಿ ಖಾಲಿ ಮಾಡ್ಯಾವ್ರಿ. ಒದರಾಕ ಹತ್ತ್ಯಾವು. ಇನ್ನೊಂದ ಬುಟ್ಟಿ ಹಾಕ್ಲೇನ್ರಿ?"

"ಬ್ಯಾಡೋ ತಮ್ಮಾ. ಮದ್ಲ ಹೆಂಡಿ ನೋಡು, ಆಮ್ಯಾಲ ಬುಟ್ಟಿ ಎತ್ತು."

ಹೆಂಡಿ ನೋಡುವುದೆಂದರೆ ಬಗ್ಗಿಯೇ ನೋಡಬೇಕು. ಉಂಡೆಯಾಗಿ ಬಿದ್ದು ಕಾಲು ತಾಗಿದರೆ ಮೆತ್ತಗೆ ಚಪ್ಪಟೆಯಾಗುವಂತಿದ್ದರೆ ಮರುದಿನ ಮರಿಗೆ 40-50 ಗ್ರಾಂ ಏರಿಸಬಹುದು. ಆಕಾರವಿಲ್ಲದೆ ಹರಡಿದ್ದರೆ ಅಷ್ಟಕ್ಕೇ ನಿಲ್ಲಿಸಿ. ಹಳದಿ ನೀರಾಗಿದ್ದರೆ ಅರ್ಧಕ್ಕೆ ಇಳಿಸಿ. ಹೀಗೆ ನೋಡಿಕೊಂಡು ಏರಿಸುತ್ತ ಹೋದರೆ ವಾರದ ಕೊನೆಗೆ ಮರಿಗೆ 400-450 ಗ್ರಾಂಗೆ ಬರುತ್ತದೆ. 12 ಕಿಲೋ ತೂಗುವ ಹೊತ್ತಿಗೆ 600 ಗ್ರಾಂ. ಅಷ್ಟರಲ್ಲಿ ಒಣಮೇವಿಗೂ ಹೊಂದಿಕೊಂಡಿರುತ್ತವೆ, ದಿನಕ್ಕೆ ಮೂರು ಸಲ ಹಾಕಿದರೆ ಸಾಕು.

ಮೇವನ್ನು ಮನೆಯಲ್ಲೇ ಕೂಡಿಸುವವರಿಗೆ ಒಂದು ಲೆಕ್ಕ: ನೂರು ಕಿಲೋಗೆ ಗೋವಿನಜೋಳದ ನುಚ್ಚು 60, ಸೋಯಾ ಹಿಂಡಿ 25, ಗೋಧಿ ಬೂಸಾ 8, ಉಪ್ಪಿಲ್ಲದ ಮೀನುಪುಡಿ 5, ಖನಿಜ ಮಿಶ್ರಣ ಒಂದೂವರೆ, ಉಪ್ಪು ಅರ್ಧ ಕಿಲೋ. ಇದರಲ್ಲಿ ಸುಮಾರು ಶೇ. 20 ಪ್ರೋಟೀನು ಬರುತ್ತದೆ, ಈ ವಯಸ್ಸಿಗೆ ಅಷ್ಟು ಬೇಕು. ಗಿರಣಿಯಲ್ಲಿ ರೊಟ್ಟಿ ಹಿಟ್ಟಿನಷ್ಟು ನುಣ್ಣಗೆ ಬೀಸಿಸಬೇಡಿ, ಸಣ್ಣ ರವೆಯ ಹದ ಸಾಕು. ತೀರಾ ನುಣುಪಾದ ಹಿಟ್ಟು ಮೂಗಿಗೆ ಏರುತ್ತದೆ, ಮುಂದೆ ಹೊಟ್ಟೆಹುಣ್ಣಿಗೂ ದಾರಿ. ವಿಜಯಪುರದಲ್ಲಿ ಬಿಳಿಜೋಳಕ್ಕೆ ಬರವಿಲ್ಲ. ಹಿಂಗಾರಿ ಮಾಲದಂಡಿ ಜೋಳದಲ್ಲಿ ಒಗರು ಕಮ್ಮಿ, ಹಾಗಾಗಿ ಗೋವಿನಜೋಳದ ಅರ್ಧ ಪಾಲನ್ನು ಅದರಿಂದ ತುಂಬಬಹುದು. ತಡೆಯುವುದು ಅದರ ರೇಟು. ಮಳೆಗೆ ಸಿಕ್ಕು ಕರಿ ತಿರುಗಿದ ಜೋಳ ಅಗ್ಗಕ್ಕೆ ಸಿಗುತ್ತದೆಂದು ತಂದರೆ ಅದರ ಬೂಸಲು ಮರಿಯ ಯಕೃತ್ತಿಗೇ ಕೈ ಹಾಕುತ್ತದೆ. ಶೇಂಗಾ ಹಿಂಡಿಯದೂ ಇದೇ ಕಥೆ. ಗಾಣದಿಂದ ತಂದ ಹಿಂಡಿ ಹೊಸದಿದ್ದಾಗ ಬಲು ಒಳ್ಳೆಯದು, ಮಳೆಗಾಲದಲ್ಲಿ ನೆಲಕ್ಕೆ ತಾಗಿಸಿಟ್ಟರೆ ಹದಿನೈದು ದಿನದಲ್ಲಿ ಬೂಸಲು ಹಿಡಿದು ಅಫ್ಲಟಾಕ್ಸಿನ್ ವಿಷ ಕಟ್ಟಬಹುದು. ಎಮ್ಮೆ ತಾಳಿಕೊಂಡೀತು, 9 ಕಿಲೋದ ಹಂದಿಮರಿ ತಾಳದು. ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ.

ಸರಕಿ ಹಿಂಡಿ ಅಂದರೆ ಹತ್ತಿಕಾಳಿನ ಹಿಂಡಿ. ಹೈನುಳ್ಳ ಮನೆಗಳಲ್ಲಿ ಅದು ಇದ್ದೇ ಇರುತ್ತದೆ, "ಎಮ್ಮಿಗೆ ಹಾಕೂದು ಹಂದಿಗೆ ಯಾಕ ಆಗೂದಿಲ್ಲ" ಎಂದು ಒಂದು ಬೊಗಸೆ ಬೆರೆಸುವುದು ಸುಲಭ. ಅದರಲ್ಲಿ ಗಾಸಿಪಾಲ್ ಎಂಬ ವಿಷಾಂಶವಿದೆ. ಮೆಲುಕು ಹಾಕುವ ದೊಡ್ಡ ದನ-ಎಮ್ಮೆ ಅದನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ, ಹಂದಿಗೆ ಆ ಸಾಮರ್ಥ್ಯವಿಲ್ಲ. ವಾರಗಟ್ಟಲೆ ತಿಂದರೆ ಹೃದಯ ಸೋತು, ಏದುಸಿರು ಬಿಟ್ಟು ಸಾಯುತ್ತವೆ. ಮರಿಗಳ ಮೇವಿಗೆ ಅದು ಒಂದು ಕಾಳೂ ಬೇಡ. ಹಸಿ ಸೋಯಾಕಾಳು ಸಹ ಹಾಗೇ ಹಾಕಬಾರದು, ಹುರಿದರೆ ಮಾತ್ರ ಪ್ರೋಟೀನು ಅರಗುತ್ತದೆ. ತಿಕೋಟಾ ಕಡೆ ಮಣೂಕ ಮಾಡುವ ಶೆಡ್ಡುಗಳಲ್ಲಿ ಆರಿಸಿ ಬಿಟ್ಟ ದ್ರಾಕ್ಷಿ ರಾಶಿ ಬಿದ್ದಿರುತ್ತದೆ. ಮೂವತ್ತು ಕಿಲೋ ದಾಟಿದ ಹಂದಿಗೆ ಅದನ್ನು ಸ್ವಲ್ಪ ಸ್ವಲ್ಪ ಹಾಕಬಹುದು, ಹಾಲು ಬಿಟ್ಟ ಮರಿಗೆ ಅಷ್ಟು ಸಿಹಿ ಬಿದ್ದರೆ ಭೇದಿಯೇ. ಔಷಧಿ ಹೊಡೆದ ಬಳ್ಳಿ ಸವರಿದ ಚಾಟ್ನಿ ಸೊಪ್ಪನ್ನು ಯಾವ ವಯಸ್ಸಿನ ಹಂದಿಗೂ ಹಾಕಬೇಡಿ.

ಮೇವಿಗಿಂತ ಹೆಚ್ಚು ಮರಿಗಳನ್ನು ಇಲ್ಲಿ ಕೆಡಿಸುವುದು ನೀರು ಎಂದು ನನ್ನ ಅನಿಸಿಕೆ. ಡೋಣಿ ನದಿಯ ನೀರು ಉಪ್ಪೆಂಬುದು ಜಿಲ್ಲೆಗೇ ಗೊತ್ತು, ಆ ದಂಡೆಯ ಕರಿಮಣ್ಣಿನ ಎಷ್ಟೋ ಕೊಳವೆಬಾವಿಗಳದ್ದೂ ಸವಳು ನೀರೇ. ನಾಲಿಗೆಗೆ ಉಪ್ಪು ತಾಗುವ ನೀರಾದರೆ ಮೇವಿಗೆ ಉಪ್ಪು ಬೆರೆಸುವುದನ್ನು ಬಿಟ್ಟೇಬಿಡಿ, ಆಗುವುದಾದರೆ ಮರಿಗಳ ಮೊದಲ ಎರಡು ವಾರಕ್ಕೆ ಕಾಲುವೆಯ ಅಥವಾ ನಳದ ಸಿಹಿನೀರು ತುಂಬಿಸಿಡಿ. ನೀರಿನಷ್ಟೇ ಭಯ ಅದು ನಿಂತುಹೋಗುವುದರದ್ದು. ಕರೆಂಟು ಹೋಗಿ, ಮೋಟರು ನಿಂತು, ಟ್ಯಾಂಕು ಬರಿದಾಗಿ ಒಂದು ದಿನ ನೀರಿಲ್ಲದೆ ಕಳೆದ ಹಂದಿಯ ಮೈಯಲ್ಲಿ ಉಪ್ಪು ಏರಿರುತ್ತದೆ. ಆಮೇಲೆ ಒಮ್ಮೆಲೇ ಹೊಟ್ಟೆತುಂಬ ನೀರು ಸಿಕ್ಕರೆ ಮಿದುಳು ಬಾತು, ಗೋಡೆಗೆ ಡಿಕ್ಕಿ ಹೊಡೆಯುತ್ತ, ನಾಯಿಯಂತೆ ಕುಂಡೆಯೂರಿ ಕುಳಿತು ಫಿಟ್ಸ್ ಬಂದು ಬೀಳುತ್ತವೆ. ಅಂಥ ಹೊತ್ತಿನಲ್ಲಿ ಅರ್ಧ ತಾಸಿಗೊಮ್ಮೆ ಸ್ವಲ್ಪ ಸ್ವಲ್ಪವೇ ಕುಡಿಸಬೇಕು.

ನಿಪ್ಪಲ್ ಹಾಕಿದ್ದರೆ ಹತ್ತು ಮರಿಗೆ ಒಂದು ಬೇಕು. ಒಂದು ಹೆಚ್ಚುವರಿ ಇದ್ದರೆ ಒಳ್ಳೆಯದು, ಒಂದರಲ್ಲಿ ಕಸ ಕಟ್ಟಿದರೂ ಇನ್ನೊಂದು ನಡೆಯುತ್ತದೆ. ಎತ್ತರ ಮರಿಯ ಹೆಗಲಿನ ಮಟ್ಟಕ್ಕಿರಲಿ. ಲೀಟರ್ ಬಾಟಲಿ ಹಿಡಿದು ನಿಪ್ಪಲ್ ಒತ್ತಿ ನೋಡಿ: ಎರಡು ನಿಮಿಷದಲ್ಲಿ ತುಂಬಿದರೆ ಸರಿ. ಅದಕ್ಕಿಂತ ತಡವಾದರೆ ಮರಿಗೆ ಬೇಸರ ಬರುತ್ತದೆ, ರಭಸವಾಗಿ ಚಿಮ್ಮಿದರೆ ಹೆದರಿ ದೂರ ಹೋಗುತ್ತದೆ. ಮೊದಲ ದಿನ ನಿಪ್ಪಲ್ಲಿಗೆ ಕಡ್ಡಿ ಸಿಕ್ಕಿಸಿ ತೊಟ್ಟಿಕ್ಕುವಂತೆ ಬಿಟ್ಟರೆ ಆ ಸದ್ದಿಗೆ ತಾವೇ ಬರುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ಶೆಡ್ಡಿನ ಮೇಲಿನ ಕರಿ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಇಡಲಾಗದಷ್ಟು ಕಾದಿರುತ್ತದೆ. ಅದನ್ನು ಯಾವ ಮರಿಯೂ ಕುಡಿಯದು. ಟ್ಯಾಂಕಿಗೂ ಪೈಪಿಗೂ ಒದ್ದೆ ತಟ್ಟು ಸುತ್ತಿ.

ಬಿಸಿಲು, ಥಂಡಿ ಎರಡಕ್ಕೂ ಈ ಊರು ಕಠಿಣ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಡಿಸೆಂಬರಿನ ಬೆಳಗಿನ ಜಾವ 10-12ಕ್ಕೂ ಇಳಿಯುತ್ತದೆ. ಹಾಲು ಬಿಟ್ಟ ಮರಿಗೆ ಹಿತವೆನಿಸುವುದು 24-26. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳು ಮಲಗಿದ ರೀತಿಯೇ ಹೇಳುತ್ತದೆ. ಒಂದರ ಮೇಲೊಂದು ಏರಿ ಗುಪ್ಪೆಯಾಗಿದ್ದರೆ ಚಳಿ, ಒಂದಕ್ಕೊಂದು ತಾಗದಂತೆ ದೂರ ದೂರ ಬಿದ್ದು ತೇಕುತ್ತಿದ್ದರೆ ಸೆಕೆ, ಪಕ್ಕಪಕ್ಕ ಅಡ್ಡಡ್ಡ ಮಲಗಿದ್ದರೆ ಸರಿಯಾಗಿದೆ. ಪತ್ರಾಸಿನ ಮೇಲೆ ಕಬ್ಬಿನ ರವದಿ ಅಥವಾ ಕಣಿಕೆ ಒಂದು ಅಡಿ ದಪ್ಪ ಹೊದಿಸಿದರೆ ಬೇಸಿಗೆಗೂ ಆಯಿತು, ಚಳಿಗೂ ಆಯಿತು. ಚಳಿಗಾಲದ ರಾತ್ರಿ ಒಂದು ಮೂಲೆಗೆ ಎರಡೂವರೆ ಅಡಿ ಎತ್ತರದ ತಗ್ಗು ಚಪ್ಪರ ಮಾಡಿ, ಒಣ ರವದಿ ಹಾಸಿ, ಗಾಳಿ ಬರುವ ಕಡೆ ತಾಡಪತ್ರಿ ಇಳಿಬಿಡಿ. ಇಡೀ ಶೆಡ್ಡನ್ನು ಮುಚ್ಚಿ ಗಾಳಿಯಾಡದಂತೆ ಮಾಡಿದರೆ ಉಚ್ಚೆಯ ಅಮೋನಿಯಾ ಕಟ್ಟಿ ಕೆಮ್ಮು ಹಿಡಿಯುತ್ತದೆ.

ಹಂದಿ ಗಲೀಜು ಪ್ರಾಣಿ ಎನ್ನುವವರು ಅದಕ್ಕೆ ಜಾಗ ಕೊಟ್ಟು ನೋಡಿಲ್ಲ. ನೆರಳಿನಡಿ ಮರಿಗೆ ಸುಮಾರು ಹತ್ತು ಚದರ ಅಡಿ ಸಿಕ್ಕರೆ ಮಲಗುವ ಮೂಲೆ ಬೇರೆ, ಹೆಂಡಿ ಹಾಕುವ ಮೂಲೆ ಬೇರೆ ಎಂದು ಅವೇ ಗೊತ್ತುಮಾಡಿಕೊಳ್ಳುತ್ತವೆ. ಮೊದಲ ದಿನ ನೀರಿನ ಹತ್ತಿರದ ಮೂಲೆಯನ್ನು ಒದ್ದೆ ಮಾಡಿ ಒಂದಿಷ್ಟು ಹೆಂಡಿ ಬಿಟ್ಟರೆ ಅದೇ ಕಾಯಂ ಆಗುತ್ತದೆ. ಎರಡು ಈತದ ಮರಿಗಳನ್ನು ಕೂಡಿಸುವುದಿದ್ದರೆ ವಾರ ಕಳೆದ ಮೇಲೆ, ಸಂಜೆ ಹೊತ್ತು, ಗಾತ್ರ ನೋಡಿ ಕೂಡಿಸಿ. ಒಂದೆರಡು ದಿನ ಕಚ್ಚಾಡಿ ಹಿರಿಕಿರಿ ನಿಗದಿಯಾದ ಮೇಲೆ ಸುಮ್ಮನಾಗುತ್ತವೆ. ತೂಗುಬಿಟ್ಟ ಒಂದು ಸರಪಳಿಯೋ ಗೋಣಿಚೀಲವೋ ಇದ್ದರೆ ಬಾಲ ಕಡಿಯುವುದು ಕಡಿಮೆ.

ಇಷ್ಟಾಗಿಯೂ ಭೇದಿ ಬಂದರೆ ಮೇವು ಅರ್ಧ ಮಾಡಿ, ಲೀಟರ್ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಬೇರೆ ತಟ್ಟೆಯಲ್ಲಿಡಿ. ಪಕ್ಕದಲ್ಲಿ ಬರೀ ನೀರೂ ಇರಲಿ. ಮರಿ ಸಾಯುವುದು ಬಹುಮಟ್ಟಿಗೆ ಮೈನೀರು ಹೋಗಿ. ಒಂದು ದಿನದಲ್ಲಿ ನಿಲ್ಲದಿದ್ದರೆ, ರಕ್ತ ಕಂಡರೆ, ಜ್ವರವಿದ್ದರೆ ಪಶುವೈದ್ಯರನ್ನು ಕರೆಸಿ. ಅಂಗಡಿಯವರು ಕೊಡುವ ಆಂಟಿಬಯೋಟಿಕ್ ಪುಡಿಯನ್ನು ಮುಂಜಾಗ್ರತೆಯೆಂದು ಮೇವಿಗೆ ಕಲಸುವ ಚಾಳಿ ಬೇಡ. ಇದೇ ಭೇದಿಗೆಂದು ಧಾರಾಳವಾಗಿ ಬಳಸುತ್ತಿದ್ದ ಕೊಲಿಸ್ಟಿನ್ ಔಷಧಿಯನ್ನು ಸಾಕುಪ್ರಾಣಿಗಳಿಗೆ ಕೊಡುವುದನ್ನು ಭಾರತ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಇನ್ನೊಂದು ಕಾಯಿಲೆ ಮೋಸದ್ದು: ಗುಂಪಿನಲ್ಲಿ ಎಲ್ಲಕ್ಕಿಂತ ದಷ್ಟಪುಷ್ಟವಾದ ಮರಿಯೇ ಕಣ್ಣರೆಪ್ಪೆ ಬಾತು, ಕುಡಿದವರಂತೆ ತೂರಾಡಿ, ಬೆಳಗಾಗುವಷ್ಟರಲ್ಲಿ ಸತ್ತಿರುತ್ತದೆ. ಬಾವು ರೋಗ. ಅದೂ ಇ-ಕೋಲೈಯದೇ ಕೆಲಸ, ಅತಿಯಾಗಿ ತಿಂದ ಮರಿಗೇ ಬರುವುದು ಹೆಚ್ಚು. ಒಂದು ಮರಿಗೆ ಕಂಡರೂ ಉಳಿದವುಗಳ ಮೇವನ್ನು ಆ ದಿನವೇ ಇಳಿಸಬೇಕು.

ಶಹರದ ಖಾನಾವಳಿ, ಹಾಸ್ಟೆಲ್ಲುಗಳ ಮುಸುರೆ ಪುಕ್ಕಟೆ ಸಿಗುತ್ತದೆ, ಹಂದಿ ಸಾಕುವವರ ಅರ್ಧ ಲಾಭ ಅದರಲ್ಲೇ ಇದೆ. ಆದರೆ ಉಪ್ಪು, ಖಾರ, ಎಣ್ಣೆ ತುಂಬಿದ ಅದು 20-25 ಕಿಲೋ ಆಗುವವರೆಗೆ ಮರಿಗಳಿಗೆ ಬೇಡ. ದೊಡ್ಡವಕ್ಕೂ ಅರ್ಧ ತಾಸು ಕುದಿಸಿಯೇ ಹಾಕಬೇಕು, ಮಾಂಸದ ಚೂರು ಇರಲೇಬಾರದು. 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಕಾಣಿಸಿದ ಆಫ್ರಿಕನ್ ಹಂದಿಜ್ವರ 2022ರ ಜುಲೈಗೆ ಕೇರಳದ ವಯನಾಡಿಗೂ ಬಂದಿತ್ತು. ಮನುಷ್ಯರಿಗೆ ಅದು ಅಂಟದು, ಆದರೆ ಹಂದಿಗೆ ಬಂದರೆ ಔಷಧಿಯಿಲ್ಲ, ಶೆಡ್ಡಿಗೆ ಶೆಡ್ಡೇ ಖಾಲಿ. ಸೋಂಕು ಬರುವ ದಾರಿಗಳಲ್ಲಿ ಕುದಿಸದ ಮುಸುರೆ ಒಂದು, ಹೊರಗಿನಿಂದ ತಂದ ಮರಿ ಇನ್ನೊಂದು. ಬೆಂಗಳೂರು ಕಡೆಯಿಂದ ಮರಿ ತರಿಸುವವರು ರಾತ್ರಿ ಪ್ರಯಾಣ ಮಾಡಿಸಿ, ಇಳಿಸಿದ ಕೂಡಲೇ ಮೇವು ಹಾಕದೆ ಚೂರು ಬೆಲ್ಲ ಕದಡಿದ ನೀರು ಕೊಟ್ಟು, ಎರಡು-ಮೂರು ತಾಸಿನ ಮೇಲೆ ಗಂಜಿಯಷ್ಟೇ ಇಡಬೇಕು. ಒಂದು ತಿಂಗಳು ಅವನ್ನು ಬೇರೆಯೇ ಕಟ್ಟಿ, ಬೇರೆ ಬುಟ್ಟಿ, ಬೇರೆ ಪೊರಕೆ. ಬೀದಿಹಂದಿ ಶೆಡ್ಡಿನ ಬೇಲಿಗೆ ಮೂತಿ ತಾಗಿಸುವಂತಿದ್ದರೆ ಉಳಿದ ಎಚ್ಚರವೆಲ್ಲ ವ್ಯರ್ಥ.

ಬಿಡಿಸಿ ಹತ್ತು ದಿನವಾಗಿ, ಹೆಂಡಿ ಗಟ್ಟಿಯಾಗಿ, ತೂಕ ಏರತೊಡಗಿದ ಮೇಲೆ ಜಂತುನಾಶಕ ಕೊಡಿಸಬಹುದು, ಡೋಸು ತೂಕದ ಮೇಲೆ ವೈದ್ಯರು ಹೇಳಿದಷ್ಟು. ಅದಾಗಿ ವಾರಕ್ಕೆ, ಎರಡರಿಂದ ಮೂರು ತಿಂಗಳೊಳಗೆ, ಹಂದಿಜ್ವರದ ಲಸಿಕೆ. ಇದು ಆಫ್ರಿಕನ್ ಜ್ವರದ್ದಲ್ಲ, ಹಳೆಯ ಹಂದಿಜ್ವರದ್ದು. ಕಾಲುಬಾಯಿ ಬೇನೆಯ ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಹಂದಿಯೂ ಸೇರಿದೆ, ದನಗಳಿಗೆ ಹಾಕಲು ಬಂದವರನ್ನು ಶೆಡ್ಡಿಗೂ ಕರೆಯಿರಿ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ಹಂದಿ ಘಟಕಕ್ಕೆ ಶೇ. 50 ಸಬ್ಸಿಡಿ, ಗರಿಷ್ಠ 30 ಲಕ್ಷದವರೆಗೆ ಇದೆ. ಅದನ್ನು ನಂಬಿ ನೂರು ತಾಯಿಹಂದಿಯ ಯೋಜನೆ ಬರೆಯುವ ಮುಂಚೆ ಎರಡು ತಾಯಿಗಳ ಮರಿಗಳನ್ನು ಒಮ್ಮೆ ಬಿಡಿಸಿ ನೋಡುವುದು ಲೇಸು.

20 ಕಿಲೋ ಆದಾಗ ಬೆಳೆಯುವ ಹಂದಿಯ ಮೇವಿಗೆ ಬದಲಿಸಬೇಕು. ಒಂದೇ ದಿನದಲ್ಲಲ್ಲ. ಮೊದಲೆರಡು ದಿನ ಕಾಲು ಪಾಲು ಹೊಸದು, ಮತ್ತೆರಡು ದಿನ ಅರ್ಧ, ಮತ್ತೆರಡು ದಿನ ಮುಕ್ಕಾಲು. ಆ ಆರು ದಿನವೂ ಬೆಳಿಗ್ಗೆ ಬುಟ್ಟಿ ಎತ್ತುವ ಮೊದಲು ಹೆಂಡಿ ನೋಡಿ.